ಯಂತ್ರ ಮತ್ತು ಮಂತ್ರ

ಶಬ್ದವೂ ಅರ್ಥವೂ ಕೂಡಿದುದೇ ಕಾವ್ಯವೆಂಬ ಭಾಮಹನ ಮತವನ್ನು ನಾನು ಹದಿನೆಂಟು ವರ್ಷಗಳಿಂದ ತರಗತಿಯಲ್ಲಿ ವಿವರಿಸುತ್ತ ಬಂದಿದ್ದೇನೆ. ಹೋದ ವರ್ಷ ಆ ಪಾಠವು ನಡೆಯುತ್ತಿದ್ದಾಗ ಒಬ್ಬ ವಿದ್ಯಾರ್ಥಿಯು ಎದ್ದು ನಿಂತು, ಕೂಡಿರುವುದನ್ನು ಬೇರ್ಪಡಿಸಿದರೆ ನಷ್ಟವೇ ಏಕಾಗಬೇಕು, ಲಾಭವೂ ಆಗಬಾರದೇ ಎಂದು ಕೇಳಿದನು. ಅಂದು ನಾನು ಕೊಟ್ಟ ಉತ್ತರವು ಗಂಟೆ ಬಾರಿಸುವವರೆಗೆ ಕಾಲ ತಳ್ಳುವುದಕ್ಕೆ ಸಾಕಾಗುವಂಥದು, ಅಷ್ಟೆ. ಆಮೇಲೆ ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ತಿರುಗಾಡಿದ ನನಗೆ ನೆರವಾದದ್ದು ಅಲಂಕಾರ ಶಾಸ್ತ್ರವಲ್ಲ. 2011ರ ಅಕ್ಟೋಬರ್ 5ರಂದು ತೀರಿಕೊಂಡ ಅಮೆರಿಕದ ಗಣಕೋದ್ಯಮಿ ಸ್ಟೀವ್ ಜಾಬ್ಸನ ಬಾಳು.

ಗಣಕಕ್ಕೆ ಎರಡು ಅಂಗಗಳಿವೆ. ಕಣ್ಣಿಗೆ ಕಾಣುವ ಯಂತ್ರವೊಂದು. ಅದರೊಳಗೆ ನೆಲಸಿ ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಇನ್ನೊಂದು. ನಮ್ಮ ಮಾತಿನಲ್ಲಿ ಹೇಳುವುದಾದರೆ ಒಂದು ಯಂತ್ರ, ಒಂದು ಮಂತ್ರ. ಇವೆರಡನ್ನೂ ಒಬ್ಬನೇ ರಚಿಸಿ ಒಟ್ಟಿಗೇ ಮಾರಬೇಕೆ, ಅಥವಾ ಮಂತ್ರವನ್ನು ಬೇರೆಯಾಗಿ ಬೆಲೆಗಿಟ್ಟು, ಯಾರು ಮಾಡಿದ ಯಂತ್ರಕ್ಕಾದರೂ ಅದು ಒದಗುವಂತೆ ಮಾಡಬೇಕೆ? ಜಾಬ್ಸನ ಜೀವಿತವನ್ನೆಲ್ಲ ಈ ಒಂದು ಪ್ರಶ್ನೆಯು ಬೆನ್ನಟ್ಟಿತು. ಆತ ಅದಕ್ಕೆ ಒಮ್ಮೆ ಒಂದು ಉತ್ತರವನ್ನೂ ಇನ್ನೊಮ್ಮೆ ಅದಕ್ಕೆ ವಿರುದ್ಧವಾದುದನ್ನೂ ಕೊಟ್ಟನು.

ಆತ ಹುಟ್ಟಿದ್ದು 1955ರ ಫೆಬ್ರವರಿ 24ರಂದು, ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ. ಸಾಕಿದವರು ಪಾಲ್ ಮತ್ತು ಕ್ಲಾರಾ ಜಾಬ್ಸ್ ದಂಪತಿಗಳು. ಸಾಕುತಂದೆಯು ಯಂತ್ರಗಳ ಕೆಲಸದಲ್ಲಿ ಪಳಗಿದ ಕೈಯವನು. ಯಾರ ಕಣ್ಣಿಗೂ ಬೀಳದ ಹಿಂಬದಿಯನ್ನೂ ಅಚ್ಚುಕಟ್ಟಾಗಿ ಮಾಡಬೇಕೆಂಬ ಪಾಠವನ್ನು ಹುಡುಗನಿಗೆ ಕಲಿಸಿದವನು ಅವನೇ. ರೀಡ್ ಕಾಲೇಜಿನ ಓದನ್ನು ನಡುವಿನಲ್ಲಿ ಬಿಟ್ಟು, 1974ರಲ್ಲಿ ಭಾರತಕ್ಕೆ ಬಂದು ಅಲೆದು ಹಿಂದಿರುಗಿದ ಈ ತರುಣನು 1976ರಲ್ಲಿ ಗೆಳೆಯ ಸ್ಟೀವ್ ವೋಜ್ನಿಯಾಕನೊಡನೆ ಆ್ಯಪಲ್ ಸಂಸ್ಥೆಯನ್ನು ಆರಂಭಿಸಿದನು. 1984ರಲ್ಲಿ ಮ್ಯಾಕಿಂಟಾಷ್ ಹೊರಬಂದಿತು. ಅದರ ಪೆಟ್ಟಿಗೆಯನ್ನು ಬಿಚ್ಚಬೇಕಾದರೆ ವಿಶೇಷವಾದ ತಿರುಪುಳಿಯೇ ಬೇಕಾಗಿತ್ತು. ಒಳಗಿನ ಯಂತ್ರ, ಮಂತ್ರ ಎರಡೂ ತನ್ನವು, ಪರರ ಕೈ ಅಲ್ಲಿ ಸೋಕಬಾರದು ಎಂಬ ಹಟವು ಆ ತಿರುಪಿನಲ್ಲೇ ಕಾಣುತ್ತದೆ.

ಅದೇ ವೇಳೆಗೆ ಬಿಲ್ ಗೇಟ್ಸನು ಇನ್ನೊಂದು ದಾರಿಯನ್ನು ಹಿಡಿದಿದ್ದನು. ಅವನ ಮೈಕ್ರೋಸಾಫ್ಟ್ ಸಂಸ್ಥೆಯು 1981ರಲ್ಲಿ ಐಬಿಎಂ ಗಣಕಕ್ಕೆ ತನ್ನ ತಂತ್ರಾಂಶವನ್ನು ಕೊಟ್ಟಿತಾದರೂ, ಅದನ್ನು ಇತರರಿಗೂ ಮಾರುವ ಹಕ್ಕನ್ನು ಬಿಟ್ಟುಕೊಡಲಿಲ್ಲ. ಯಂತ್ರ ಮಾಡುವವರು ಹಲವರಾದರು, ಅವರ ಪೈಪೋಟಿಯಿಂದ ಬೆಲೆ ಇಳಿಯಿತು, ಮಂತ್ರವೊಂದೇ ಉಳಿಯಿತು. 1985ರಲ್ಲಿ ಗೇಟ್ಸನು ಆ್ಯಪಲ್ಲಿನ ಅಧಿಕಾರಿಗಳಿಗೆ ಬರೆದು, ನೀವೂ ನಿಮ್ಮ ತಂತ್ರಾಂಶವನ್ನು ಇತರ ತಯಾರಕರಿಗೆ ಕೊಡಿರೆಂದು ಸಲಹೆಯಿತ್ತನು. ಅವರು ಒಪ್ಪಲಿಲ್ಲ. ಅಷ್ಟರಲ್ಲಿ ಜಾಬ್ಸನು ಆಡಳಿತ ಮಂಡಲಿಯೊಡನೆ ಜಗಳವಾಗಿ ಅಧಿಕಾರವನ್ನು ಕಳೆದುಕೊಂಡಿದ್ದನು. ಅದೇ ಸೆಪ್ಟೆಂಬರಿನಲ್ಲಿ ತಾನು ಕಟ್ಟಿದ ಮನೆಯಿಂದ ಹೊರಬಿದ್ದನು.

ಹೊರಬಿದ್ದವನು ನೆಕ್ಸ್ಟ್ ಎಂಬ ಸಂಸ್ಥೆಯನ್ನು ಕಟ್ಟಿದನು. 1988ರಲ್ಲಿ ಅಲ್ಲಿಂದ ಬಂದ ಗಣಕವು ಒಂದೊಂದು ಪಕ್ಕವೂ ಒಂದು ಅಡಿಯಿದ್ದ ಕಪ್ಪು ಘನ. ಲೋಹ ಮೆಗ್ನೀಷಿಯಂ, ಬೆಲೆ 6500 ಡಾಲರ್. ವಿಶ್ವವಿದ್ಯಾಲಯಗಳಿಗೆಂದು ಮಾಡಿದ ಅದನ್ನು ಕೊಳ್ಳುವ ಶಕ್ತಿಯು ವಿಶ್ವವಿದ್ಯಾಲಯಗಳಿಗೇ ಇರಲಿಲ್ಲ. ಆದರೆ ಅದರ ಒಳಗಿದ್ದ ನೆಕ್ಸ್ಟ್‌ಸ್ಟೆಪ್ ಎಂಬ ತಂತ್ರಾಂಶವು ಅಸಾಧಾರಣವಾದುದು. ಜಿನೀವಾದ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ 1990ರಲ್ಲಿ ವಿಶ್ವವ್ಯಾಪಿ ಜಾಲದ ಮೊದಲ ತಂತ್ರಾಂಶವನ್ನು ಬರೆದದ್ದು ಈ ಗಣಕದ ಮೇಲೆಯೇ. ಮೆಚ್ಚಿದವರು ಬಹಳ, ಕೊಂಡವರು ಕಡಮೆ.

1993ರ ಫೆಬ್ರವರಿಯಲ್ಲಿ ಜಾಬ್ಸನು ತನ್ನ ಸ್ವಭಾವಕ್ಕೇ ವಿರುದ್ಧವಾದ ಕೆಲಸವನ್ನು ಮಾಡಬೇಕಾಯಿತು. ನೆಕ್ಸ್ಟ್ ಇನ್ನು ಯಂತ್ರಗಳನ್ನು ತಯಾರಿಸುವುದಿಲ್ಲ, ತಂತ್ರಾಂಶವನ್ನು ಮಾತ್ರ ಮಾರುತ್ತದೆ ಎಂದು ಸಾರಿದನು. ತಾನೇ ನಿಂತು ಒಪ್ಪ ಮಾಡಿಸಿದ ಕಾರ್ಖಾನೆಯು ಮುಚ್ಚಿತು. ನೌಕರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೆಲಸವನ್ನು ಕಳೆದುಕೊಂಡರು. ಇಂಟೆಲ್ ಚಿಪ್ಪಿನ ಮೇಲೆ, ಅಂದರೆ ತಾನು ಹೀಗಳೆದಿದ್ದ ಸಾಮಾನ್ಯ ಯಂತ್ರಗಳ ಮೇಲೆ, ಆತನ ತಂತ್ರಾಂಶವು ನಡೆಯತೊಡಗಿತು. ಆ ವರ್ಷ ಆತನ ಸೋಲೆಂದೇ ಎಲ್ಲರೂ ಬಗೆದರು. ಆತನೂ ಹಾಗೆಯೇ ಬಗೆದಿದ್ದರೆ ಆಶ್ಚರ್ಯವಿಲ್ಲ.

ಇತ್ತ ಆ್ಯಪಲ್ಲಿನವರು ಹತ್ತು ವರ್ಷ ತಡವಾಗಿ ಗೇಟ್ಸನ ಸಲಹೆಯನ್ನು ಪಾಲಿಸಿದರು. 1995ರಿಂದ ಪವರ್ ಕಂಪ್ಯೂಟಿಂಗ್ ಮೊದಲಾದ ಸಂಸ್ಥೆಗಳು ಶುಲ್ಕ ತೆತ್ತು ಮ್ಯಾಕಿಂಟಾಷಿನ ತಂತ್ರಾಂಶವನ್ನು ತಮ್ಮ ಯಂತ್ರಗಳಲ್ಲಿಟ್ಟು ಮಾರಿದವು. ಹೊಸ ಗಿರಾಕಿಗಳು ಬಂದಾರೆಂಬುದು ಎಣಿಕೆ. ಅಗ್ಗದ ಯಂತ್ರವನ್ನು ಕೊಂಡವರಾದರೋ ಬಹುಮಟ್ಟಿಗೆ ಆ್ಯಪಲ್ಲಿನ ಹಳೆಯ ಗಿರಾಕಿಗಳೇ. ಬಂದ ಶುಲ್ಕವು ಅಲ್ಪ, ಹೋದ ಲಾಭವು ಅಧಿಕ. ಹೊಸ ತಂತ್ರಾಂಶವನ್ನು ತಾವೇ ರಚಿಸಲು ಹೋಗಿ ಸೋತ ಅವರು 1996ರ ಡಿಸೆಂಬರಿನಲ್ಲಿ ನೆಕ್ಸ್ಟ್ ಸಂಸ್ಥೆಯನ್ನು 40 ಕೋಟಿ ಡಾಲರಿಗೂ ಮಿಗಿಲಾದ ಬೆಲೆಗೆ ಕೊಳ್ಳಲು ಒಪ್ಪಿದರು. ಹೀಗೆ ಹನ್ನೊಂದು ವರ್ಷಗಳ ವನವಾಸದ ಮೇಲೆ ಜಾಬ್ಸನು ಹಳೆಯ ಮನೆಗೆ ಬಂದನು. 1997ರಲ್ಲಿ ಅಧಿಕಾರವು ಕೈಗೆ ಬಂದೊಡನೆಯೇ ಪರವಾನಗಿಗಳನ್ನು ನಿಲ್ಲಿಸಿದನು. ಪವರ್ ಕಂಪ್ಯೂಟಿಂಗಿನ ಮ್ಯಾಕ್ ವ್ಯವಹಾರವನ್ನು 10 ಕೋಟಿ ಡಾಲರ್ ಬೆಲೆಯ ಷೇರುಗಳಿಗೆ ಕೊಂಡು ಮುಗಿಸಿಬಿಟ್ಟನು. ಆ ವರ್ಷ ಆ್ಯಪಲ್ಲಿಗೆ ಆದ ನಷ್ಟವು 100 ಕೋಟಿ ಡಾಲರನ್ನು ಮೀರಿತ್ತು.

ನಾಲ್ಕು ವರ್ಷಗಳ ಹಿಂದೆ ತಾನೇ ಹಿಡಿದ ದಾರಿಯನ್ನು ಈಗ ತಾನೇ ಮುಚ್ಚಿದ ಈತನನ್ನು ಚಂಚಲನೆನ್ನೋಣವೆ, ಸ್ವಾರ್ಥಿಯೆನ್ನೋಣವೆ? ನಂಬಿ ಬಂಡವಾಳ ಹೂಡಿದ ತಯಾರಕರ ಪಾಲಿಗೆ ಅದು ನಿಷ್ಠುರವಾದ ನಡತೆಯೇ. ಅದನ್ನು ಮರೆಸುವ ಇಚ್ಛೆ ನನಗಿಲ್ಲ. ನಾನು ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ನಾನು ಗೇಟ್ಸನ ದಾರಿಯ ಋಣಿ. ನಮ್ಮ ವಿಭಾಗಕ್ಕೆ ಬಂದ ಮೊದಲ ಗಣಕವು ಯಾರು ಯಾರೋ ಮಾಡಿದ ಬಿಡಿಭಾಗಗಳನ್ನು ಊರಿನ ಅಂಗಡಿಯಲ್ಲಿ ಜೋಡಿಸಿದ್ದು. ಅದರಲ್ಲಿ ವಿಂಡೋಸ್ ಇತ್ತು, ವಿಂಡೋಸಿನ ಮೇಲೆ ‘ನುಡಿ’ ಇತ್ತು. ನನ್ನ ಕನ್ನಡದ ಮೊದಲ ಪುಟವು ಅದರಲ್ಲಿ ಮೂಡಿತು. ಲೋಕವೆಲ್ಲ ಜಾಬ್ಸನ ಹಟದಂತೆಯೇ ನಡೆದಿದ್ದರೆ ಅಂಥ ಅಗ್ಗದ ಗಣಕವು ನಮ್ಮಂಥ ಸಣ್ಣ ಊರಿನ ಕಾಲೇಜಿಗೆ ಆ ಕಾಲದಲ್ಲಿ ಬರುತ್ತಿತ್ತೆಂದು ನನಗೆ ತೋರುವುದಿಲ್ಲ.

ಆದರೂ ಆತನ ಬಾಳನ್ನು ಮತ್ತೆ ಮತ್ತೆ ನೋಡಿದಾಗ 1993ರ ಆ ಸೋಲಿನ ಬಳಿಯಲ್ಲೇ ನನ್ನ ಮನಸ್ಸು ನಿಲ್ಲುತ್ತದೆ. ತನ್ನ ಕಪ್ಪು ಘನವನ್ನು ಬಿಟ್ಟು ಹೊರಟ ತಂತ್ರಾಂಶವು ಪರರ ಯಂತ್ರಗಳಲ್ಲಿ ಬಾಳುವುದನ್ನು ಕಲಿಯಿತು. ಹಾಗೆ ಕಲಿತಿದ್ದರಿಂದಲೇ ಅದು ಆ್ಯಪಲ್ಲಿನ ಯಂತ್ರವನ್ನು ಹೊಗಲು ಸಮರ್ಥವಾಯಿತು. 2001ರಲ್ಲಿ ಮ್ಯಾಕ್ ಓಎಸ್ ಟೆನ್ ಎಂಬ ಹೆಸರನ್ನು ಪಡೆಯಿತು. 2005ರಲ್ಲಿ ಆತನು ಮ್ಯಾಕಿಂಟಾಷನ್ನು ಇಂಟೆಲ್ ಚಿಪ್ಪಿಗೆ ಒಯ್ಯುವುದಾಗಿ ಸಾರಿದಾಗ ಎಡವದೆ ದಾಟಿತು. 2007ರ ಐಫೋನಿಗೂ ಅಡಿಪಾಯವಾಯಿತು. ಅಗಲಿಕೆಯಲ್ಲಿ ಗಳಿಸಿದ ಬಲವನ್ನು ಆತನು ಕೂಟದಲ್ಲಿ ಬಳಸಿದನು. ಎಂದೂ ಅಗಲದೆ ಇದ್ದಿದ್ದರೆ ಆ ತಂತ್ರಾಂಶವು ಕಪ್ಪು ಘನದೊಡನೆಯೇ ಮಣ್ಣುಗೂಡುತ್ತಿತ್ತು.

ಒಳ್ಳೆಯ ಕಾವ್ಯವನ್ನು ಭಾಷಾಂತರಿಸಿದಾಗಲೂ ಹೀಗೆಯೇ ಆಗುತ್ತದೆಯಲ್ಲವೆ? ಶಬ್ದವನ್ನು ಬಿಟ್ಟು ಹೊರಟ ಅರ್ಥವು ಬಹಳಷ್ಟನ್ನು ಕಳೆದುಕೊಳ್ಳುತ್ತದೆ. ಉಳಿದುದರಲ್ಲಿ ಸತ್ತ್ವವಿದ್ದರೆ ಇನ್ನೊಂದು ಭಾಷೆಯಲ್ಲಿ ಹೊಸ ಶಬ್ದವನ್ನು ಹುಡುಕಿಕೊಂಡು ಮತ್ತೆ ಸಹಿತವಾಗುತ್ತದೆ. ಭಾಮಹನ ಮಾತು ಇದರಿಂದ ಸುಳ್ಳಾಗುವುದಿಲ್ಲ. ನನ್ನ ವಿದ್ಯಾರ್ಥಿಯ ಪ್ರಶ್ನೆಯೂ ಹುಡುಗಾಟದ್ದಾಗುವುದಿಲ್ಲ. ಅವನು ಈಗ ತೇರ್ಗಡೆಯಾಗಿ ಹೋಗಿದ್ದಾನೆ. ಬರುವ ತಿಂಗಳು ಆ ಪಾಠವು ಮತ್ತೆ ಬರುತ್ತದೆ. ಈ ಸಲ ಅದನ್ನು 1993ನೆಯ ಇಸವಿಯಿಂದ ಮೊದಲು ಮಾಡಬೇಕೆಂದಿದ್ದೇನೆ.