ಮಧುಮೇಹಿ ಮಕ್ಕಳಿಗೆ ಮರುಜೀವವಿತ್ತ ಬ್ಯಾಂಟಿಂಗ್

ಇನ್ಸುಲಿನ್ ಸಂಶೋಧಕ ಫ್ರೆಡರಿಕ್ ಬ್ಯಾಂಟಿಂಗ್ ಕೆನಡಾದ ರೈತ ಕುಟುಂಬವೊಂದರಲ್ಲಿ 1891ರ ನವೆಂಬರ್ 14ರಂದು ಜನಿಸಿದರು. ಅತಿಯಾದ ದಾಹ, ಪದೇ ಪದೇ ಮೂತ್ರ, ಉಂಡರೂ ಸೊರಗುವ ಮೈ: ಮಗುವಿನಲ್ಲಿ ಈ ಲಕ್ಷಣಗಳನ್ನು ಗುರುತಿಸಿದರೂ ಅಂದಿನ ವೈದ್ಯರು ಅಸಹಾಯಕರಾಗಿದ್ದರು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಮೇದೋಜೀರಕ ಗ್ರಂಥಿಯ ಸಾರ ತೆಗೆದರು. ಕಾಲಿಪ್ ಅದನ್ನು ಶುದ್ಧೀಕರಿಸಿದರು. 1922ರ ಜನವರಿ 23ರಂದು ಅದನ್ನು ಪಡೆದ 14ರ ಬಾಲಕ ಲಿಯೊನಾರ್ಡ್ ಥಾಂಪ್ಸನ್ ಚೇತರಿಸಿಕೊಂಡ. ಮತ್ತೆ 13 ವರ್ಷ ಬದುಕಿದ.

ಇನ್ಸುಲಿನ್ ಹೆಚ್ಚಾದರೆ ಸಕ್ಕರೆ ಕುಸಿಯುವುದೂ ಆಗ ತಿಳಿಯಿತು. ಬೆವರು, ನಡುಕ, ಹಠಾತ್ ಹಸಿವು ಅದರ ಸೂಚನೆ. ಎಚ್ಚರವಿರುವ ಮಗುವಿಗೆ ಕೂಡಲೇ ಸಕ್ಕರೆ ಕೊಡಬೇಕು.

1923ರಲ್ಲಿ ಮ್ಯಾಕ್ಲಿಯಡ್ ಅವರೊಂದಿಗೆ ನೊಬೆಲ್ ಪಡೆದ ಬ್ಯಾಂಟಿಂಗ್, ತಮ್ಮ ಪಾಲಿನ ಅರ್ಧ ಹಣವನ್ನು ಬೆಸ್ಟ್‌ಗೆ ನೀಡಿದರು. 1941ರಲ್ಲಿ ವಿಮಾನ ಅಪಘಾತದಲ್ಲಿ ಅಸುನೀಗಿದರು. ಅವರ ಜನ್ಮದಿನವೇ ವಿಶ್ವ ಮಧುಮೇಹ ದಿನ. ನಮಗದು ಮಕ್ಕಳ ದಿನವೂ ಹೌದು.