ಡಾ. ಎಂ. ಕೆ. ವೈನು ಬಾಪು (1927–1982): ಜೀವನ ಪರಿಚಯ

ಸ್ವತಂತ್ರ ಭಾರತದಲ್ಲಿ ಆಧುನಿಕ ಖಗೋಳ ವೀಕ್ಷಣೆಗೆ ಭದ್ರ ಬುನಾದಿ ಹಾಕಿದವರಲ್ಲಿ ಡಾ. ವೈನು ಬಾಪು ಅವರು ಅಗ್ರಗಣ್ಯರು. ಇವರು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಸ್ಥಾಪಕ ನಿರ್ದೇಶಕರಾಗಿದ್ದರು. ನಿಶ್ಚಲವಾದ ಆಕಾಶ ಎಲ್ಲಿ ದೊರೆಯುತ್ತದೆ, ಉಪಕರಣವನ್ನು ನಮ್ಮಲ್ಲಿಯೇ ಹೇಗೆ ಸಿದ್ಧಪಡಿಸಬಹುದು ಎಂಬ ಎರಡು ಪ್ರಶ್ನೆಗಳಿಗೆ ಅವರು ತಮ್ಮ ಆಯುಷ್ಯವನ್ನು ಮುಡಿಪಾಗಿಟ್ಟರು. ಮನೆಯಂಗಳದಲ್ಲಿ ಸಣ್ಣ ದೂರದರ್ಶಕಕ್ಕೆ ವೆಬ್‌ಕ್ಯಾಮ್ ಜೋಡಿಸಿ ಗ್ರಹಗಳ ಚಿತ್ರ ತೆಗೆಯಬಯಸುವ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ನಾಗರಿಕರ ಮುಂದೆಯೂ ಇದೇ ಎರಡು ಪ್ರಶ್ನೆಗಳಿವೆ.

ಜನನ ಮತ್ತು ವಿದ್ಯಾಭ್ಯಾಸ

ವೈನು ಬಾಪು ಅವರು 1927ರ ಆಗಸ್ಟ್ 10ರಂದು ಮದರಾಸಿನಲ್ಲಿ ಜನಿಸಿದರು. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಉದ್ಯೋಗಿಯಾಗಿದ್ದುದರಿಂದ ದೂರದರ್ಶಕದ ಪರಿಚಯ ಇವರಿಗೆ ಬಾಲ್ಯದಲ್ಲಿಯೇ ಆಯಿತು. ವಿದ್ಯಾರ್ಥಿಯಾಗಿರುವಾಗಲೇ ಬೆಳಕು ಏರಿಳಿಯುವ ನಕ್ಷತ್ರಗಳನ್ನು ವೀಕ್ಷಿಸಿ ಲೇಖನಗಳನ್ನು ಪ್ರಕಟಿಸಿದರು. ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ 1949ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಸೇರಿದರು.

ಅಲ್ಲಿಗೆ ತೆರಳಿದ ಕೆಲವೇ ತಿಂಗಳುಗಳಲ್ಲಿ, ಅದೇ ವರ್ಷದ ಜುಲೈ 2ರ ರಾತ್ರಿ ತೆಗೆದ ಛಾಯಾಚಿತ್ರ ಫಲಕವನ್ನು ಪರಿಶೀಲಿಸುವಾಗ ಹೊಸ ಧೂಮಕೇತುವೊಂದು ಅವರ ಕಣ್ಣಿಗೆ ಬಿತ್ತು. ಅವರೊಂದಿಗಿದ್ದ ಬಾರ್ಟ್ ಬಾಕ್ ಮತ್ತು ಗಾರ್ಡನ್ ನ್ಯೂಕರ್ಕ್ ಅವರ ಹೆಸರುಗಳೂ ಸೇರಿ ಅದು ಬಾಪು–ಬಾಕ್–ನ್ಯೂಕರ್ಕ್ ಧೂಮಕೇತು ಎಂದು ದಾಖಲಾಯಿತು. 1952ರಲ್ಲಿ ಡಾಕ್ಟರೇಟ್ ಪದವಿ ಪಡೆದ ಬಾಪು ಅವರು ಪಾಲೊಮಾರ್ ವೀಕ್ಷಣಾಲಯದಲ್ಲಿಯೂ ಸಂಶೋಧನೆ ನಡೆಸಿದರು. ತಂಪು ನಕ್ಷತ್ರಗಳ ರೋಹಿತದಲ್ಲಿ ಕಾಣುವ ಕ್ಯಾಲ್ಸಿಯಂ ರೇಖೆಯ ಅಗಲಕ್ಕೂ ಆ ನಕ್ಷತ್ರದ ನಿಜವಾದ ಪ್ರಕಾಶಕ್ಕೂ ಇರುವ ಸಂಬಂಧವನ್ನು ಓಲಿನ್ ವಿಲ್ಸನ್ ಅವರೊಂದಿಗೆ 1957ರಲ್ಲಿ ಪ್ರಕಟಿಸಿದರು. ವಿಲ್ಸನ್–ಬಾಪು ಪರಿಣಾಮ ಎಂದು ಹೆಸರಾದ ಈ ಸಂಬಂಧದಿಂದ ನಕ್ಷತ್ರಗಳ ದೂರವನ್ನು ಅಂದಾಜು ಮಾಡಬಹುದು.

ಸ್ವದೇಶದಲ್ಲಿ ಸೇವೆ

ವಿದೇಶದ ಅವಕಾಶಗಳನ್ನು ಬಿಟ್ಟು ಸ್ವದೇಶಕ್ಕೆ ಮರಳಿದ ಬಾಪು ಅವರು ಮೊದಲು ನೈನಿತಾಲದ ವೀಕ್ಷಣಾಲಯವನ್ನು ಬೆಳೆಸಿದರು. 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಆ ಬೆಟ್ಟದಲ್ಲಿ ಹಗಲಿನ ಸೂರ್ಯವೀಕ್ಷಣೆಗೆ ಅನುಕೂಲವಿದ್ದರೂ ಇರುಳಿನ ಕೆಲಸಕ್ಕೆ ಬೇರೆ ಸ್ಥಳ ಬೇಕೆಂದು ಮನಗಂಡು, ಹಲವೆಡೆಯ ಆಕಾಶವನ್ನು ಪರೀಕ್ಷಿಸಿ ತಮಿಳುನಾಡಿನ ಜವ್ವಾದಿ ಬೆಟ್ಟಗಳ ನಡುವಿನ ಕಾವಲೂರನ್ನು ಆರಿಸಿದರು. ಅಲ್ಲಿ 1968ರಲ್ಲಿ ಕೆಲಸ ಆರಂಭಿಸಿದ 38 ಸೆಂ.ಮೀ. ದೂರದರ್ಶಕವು ಸಂಸ್ಥೆಯಲ್ಲಿಯೇ ತಯಾರಾದುದಾಗಿತ್ತು. 1971ರಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯು ಸ್ವಾಯತ್ತ ಸಂಸ್ಥೆಯಾಗಿ ರೂಪುಗೊಂಡಿತು.

1972ರಲ್ಲಿ ಕಾವಲೂರಿಗೆ ಒಂದು ಮೀಟರ್ ವ್ಯಾಸದ ದೂರದರ್ಶಕ ಬಂದಿತು. ಅದೇ ವರ್ಷದ ಜೂನ್ 7ರಂದು ಗುರುಗ್ರಹದ ಉಪಗ್ರಹವಾದ ಗ್ಯಾನಿಮೀಡ್ ನಕ್ಷತ್ರವೊಂದನ್ನು ಮರೆಮಾಡಿದ ಅಪರೂಪದ ಘಟನೆಯನ್ನು ಇಲ್ಲಿಂದ ದಾಖಲಿಸಲಾಯಿತು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹದ ಸುತ್ತ ಉಂಗುರಗಳಿರುವುದು ಪತ್ತೆಯಾದಾಗ, ನಕ್ಷತ್ರದ ಬೆಳಕು ಕ್ಷಣಕಾಲ ಕುಂದಿದುದನ್ನು ಕಾವಲೂರಿನ ವೀಕ್ಷಕರೂ ದಾಖಲಿಸಿದ್ದರು.

1980ರ ಗ್ರಹಣ ಮತ್ತು ಕರಾವಳಿ

1980ರ ಫೆಬ್ರುವರಿ 16ರ ಅಪರಾಹ್ನ ಖಗ್ರಾಸ ಸೂರ್ಯಗ್ರಹಣದ ನೆರಳು ಅರಬ್ಬಿ ಸಮುದ್ರವನ್ನು ದಾಟಿ ಕಾರವಾರ–ಅಂಕೋಲಾ ಕರಾವಳಿಯಲ್ಲಿ ಭಾರತದ ನೆಲವನ್ನು ಸ್ಪರ್ಶಿಸಿತು. ಅಲ್ಲಿಂದ ಘಟ್ಟವನ್ನೇರಿ ಉತ್ತರ ಕರ್ನಾಟಕದ ಮೂಲಕ ಒಡಿಶಾ ಕರಾವಳಿಯತ್ತ ಸಾಗಿತು. ಬಾಪು ಅವರ ಸಂಸ್ಥೆಯ ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾ ಮುಂತಾದೆಡೆ ಶಿಬಿರ ಹೂಡಿ, ಸೂರ್ಯನ ಹೊರವಲಯವಾದ ಕರೋನಾವನ್ನು ಅಧ್ಯಯನ ಮಾಡಿದರು. ತಿಂಗಳುಗಟ್ಟಲೆಯ ಸಿದ್ಧತೆಗೆ ದೊರೆತ ಅವಧಿ ಮೂರು ನಿಮಿಷಕ್ಕಿಂತ ಕಡಿಮೆ. ಅಂದು ದೇಶದ ಹಲವೆಡೆ ಜನರು ಭಯದಿಂದ ಮನೆಯೊಳಗೇ ಉಳಿದಿದ್ದರು.

ಪೂರ್ಣಗೊಂಡುದನ್ನು ಕಾಣದ ದೂರದರ್ಶಕ

ದೊಡ್ಡ ದೂರದರ್ಶಕವೊಂದನ್ನು ದೇಶದಲ್ಲಿಯೇ ನಿರ್ಮಿಸಬೇಕೆಂಬುದು ಬಾಪು ಅವರ ದೃಢ ಸಂಕಲ್ಪವಾಗಿತ್ತು. ಅದರ 2.34 ಮೀಟರ್ ವ್ಯಾಸದ ಕನ್ನಡಿಯನ್ನು ಬೆಂಗಳೂರಿನ ಪ್ರಯೋಗಾಲಯದಲ್ಲಿ ಉಜ್ಜಿ ಹದಗೊಳಿಸುವ ಕಾರ್ಯ ಕೈಗೊಳ್ಳಲಾಯಿತು. ಸಿದ್ಧ ದೂರದರ್ಶಕವನ್ನು ಹೊರದೇಶದಿಂದ ತರಿಸುವುದಕ್ಕಿಂತ ಇದು ನಿಧಾನದ ದಾರಿಯಾಗಿದ್ದಿತು. 1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದ ಅವರಿಗೆ 1981ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು. ಹೃದಯ ಶಸ್ತ್ರಚಿಕಿತ್ಸೆಯ ನಂತರ 1982ರ ಆಗಸ್ಟ್ 19ರಂದು ಜರ್ಮನಿಯ ಮ್ಯೂನಿಕ್ ನಗರದಲ್ಲಿ, ತಮ್ಮ 55ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಕನ್ನಡಿಯ ಕೆಲಸವನ್ನು ಸಹೋದ್ಯೋಗಿಗಳು ಪೂರೈಸಿದರು. 1986ರ ಜನವರಿಯಲ್ಲಿ ಆ ದೂರದರ್ಶಕಕ್ಕೂ ಕಾವಲೂರಿನ ವೀಕ್ಷಣಾಲಯಕ್ಕೂ ವೈನು ಬಾಪು ಅವರ ಹೆಸರನ್ನಿಡಲಾಯಿತು.

ಆಸಕ್ತ ನಾಗರಿಕರ ಗಮನಕ್ಕೆ

ಬಾಪು ಅವರು ಬೆಟ್ಟಗಳಲ್ಲಿ ಹುಡುಕಿದ ನಿಶ್ಚಲ ಗಾಳಿಯು ಮನೆಯಂಗಳದಲ್ಲಿ ಕ್ಷಣಮಾತ್ರ ದೊರೆಯುತ್ತದೆ. ವಾತಾವರಣದ ಕದಲಿಕೆಯಿಂದ ಗ್ರಹದ ಬಿಂಬವು ಸದಾ ನಡುಗುತ್ತಿರುತ್ತದೆ. ಆದುದರಿಂದ ದೂರದರ್ಶಕದ ಕಣ್ಣುಮಸೂರವನ್ನು ತೆಗೆದು, ಆ ಜಾಗದಲ್ಲಿ ಮಸೂರ ಕಳಚಿದ ವೆಬ್‌ಕ್ಯಾಮನ್ನು ಜೋಡಿಸಿ, ಒಂದೆರಡು ನಿಮಿಷಗಳ ವಿಡಿಯೋ ತೆಗೆಯಲಾಗುತ್ತದೆ. ಅದರಲ್ಲಿರುವ ಸಾವಿರಾರು ಚೌಕಟ್ಟುಗಳಲ್ಲಿ ಗಾಳಿ ಸ್ಥಿರವಾಗಿದ್ದ ಕ್ಷಣದವುಗಳನ್ನು ಮಾತ್ರ ಗಣಕಯಂತ್ರವು ಆರಿಸಿ, ಒಂದರ ಮೇಲೊಂದು ಜೋಡಿಸಿ ಸ್ಪಷ್ಟ ಚಿತ್ರವನ್ನು ನೀಡುತ್ತದೆ. ಗುರುಗ್ರಹದ ಪಟ್ಟಿಗಳು ಮತ್ತು ಶನಿಯ ಉಂಗುರಗಳು ಹೀಗೆ ಸಣ್ಣ ದೂರದರ್ಶಕದಲ್ಲಿಯೂ ದಾಖಲಾಗುತ್ತವೆ.

ಗ್ರಹವು ಬಾನಿನಲ್ಲಿ ಎತ್ತರದಲ್ಲಿದ್ದಷ್ಟೂ ಅದರ ಬೆಳಕು ದಾಟಿ ಬರಬೇಕಾದ ಗಾಳಿಯ ಪದರ ಕಡಿಮೆಯಾಗುತ್ತದೆ. ಕಾರವಾರ ಮತ್ತು ಅಂಕೋಲಾ 15 ಡಿಗ್ರಿ ಉತ್ತರ ಅಕ್ಷಾಂಶದ ಸಮೀಪದಲ್ಲಿರುವುದರಿಂದ ಗುರು, ಶನಿ ಮತ್ತು ಮಂಗಳ ಗ್ರಹಗಳು ಇಲ್ಲಿ ಸುಮಾರು 50 ಡಿಗ್ರಿ ಅಥವಾ ಅದಕ್ಕೂ ಹೆಚ್ಚಿನ ಎತ್ತರಕ್ಕೆ ಏರುತ್ತವೆ. ಯುರೋಪಿನ ಅನೇಕ ಹವ್ಯಾಸಿಗಳಿಗೆ ಈ ಅನುಕೂಲವಿಲ್ಲ. ಮುಂಗಾರು ಮುಗಿದ ನಂತರದ ತಿಂಗಳುಗಳು ವೀಕ್ಷಣೆಗೆ ಸೂಕ್ತ. ಸಮುದ್ರದ ಉಪ್ಪುಗಾಳಿ ಮತ್ತು ತೇವದಿಂದ ಕನ್ನಡಿಗಳನ್ನು ರಕ್ಷಿಸಲು ಉಪಕರಣವನ್ನು ಮುಚ್ಚಿಡುವುದು ಅಗತ್ಯ.

ಎಚ್ಚರಿಕೆ: ದೂರದರ್ಶಕದ ಮುಂಭಾಗಕ್ಕೆ ಸೂಕ್ತ ಸೌರಶೋಧಕವನ್ನು ಅಳವಡಿಸದೆ ಯಾವ ಕಾರಣಕ್ಕೂ ಅದರ ಮೂಲಕ ಸೂರ್ಯನನ್ನು ನೋಡಬಾರದು. ಕಣ್ಣಿನ ದೃಷ್ಟಿ ಶಾಶ್ವತವಾಗಿ ನಷ್ಟವಾಗುವ ಅಪಾಯವಿದೆ. ಮಕ್ಕಳು ದೂರದರ್ಶಕವನ್ನು ಬಳಸುವಾಗ ಹಿರಿಯರು ಜೊತೆಯಲ್ಲಿರತಕ್ಕದ್ದು.