ಸಂತ ಲಾರೆನ್ಸರು

ನಮ್ಮ ಕಾಕಾ ವಾಡಿಯಿಂದ ಕಾರ್ಕಳಕ್ಕೆ ದುಡಿಯಲಿಕ್ಕೆ ಹೋಗಿದ್ದರು. ಅಲ್ಲಿ ಅತ್ತೂರು ಚರ್ಚಿನ ಜಾತ್ರೆ ನೋಡಿ ಬಂದು, ಅದು ಸಂತ ಲಾರೆನ್ಸರ ಜಾತ್ರೆ ಅಂತ ಹೇಳಿದರು. ಅವರು ಯಾರು ಅಂತ ನಾನು ಗುರುಗಳನ್ನು ಕೇಳಿ ತಿಳಿದುಕೊಂಡೆನು.

ಲಾರೆನ್ಸರು ರೋಮ್ ಪಟ್ಟಣದಲ್ಲಿದ್ದರು. ಚರ್ಚಿನ ಹಣ ನೋಡಿಕೊಂಡು ಬಡವರಿಗೆ ಹಂಚುವುದು ಅವರ ಕೆಲಸವಾಗಿತ್ತು. ಕ್ರಿ.ಶ. 258ರಲ್ಲಿ ವಲೇರಿಯನ್ ಚಕ್ರವರ್ತಿಯು ಕ್ರೈಸ್ತರ ಗುರುಗಳನ್ನು ಕೊಲ್ಲಲು ಆಜ್ಞೆ ಮಾಡಿದನು. ಆಗಸ್ಟ್ 6ರಂದು ಪೋಪ್ ಎರಡನೆಯ ಸಿಕ್ಸ್ತುಸರನ್ನು ಕೊಂದರು. ಆಮೇಲೆ ಒಬ್ಬ ಅಧಿಕಾರಿ ಚರ್ಚಿನ ಸಂಪತ್ತನ್ನೆಲ್ಲ ತಂದು ಒಪ್ಪಿಸಬೇಕೆಂದು ಲಾರೆನ್ಸರಿಗೆ ಹೇಳಿದನಂತೆ. ಅವರು ಮೂರು ದಿನ ಸಮಯ ಕೇಳಿ, ಇದ್ದದ್ದೆಲ್ಲ ಬಡವರಿಗೆ ಹಂಚಿಬಿಟ್ಟರು. ನಂತರ ಕುಂಟರು, ಕುರುಡರು, ಮುದುಕರು ಎಲ್ಲರನ್ನೂ ಕರಕೊಂಡು ಹೋಗಿ, ಚರ್ಚಿನ ಸಂಪತ್ತೆಂದರೆ ಇವರೇ ಎಂದು ತೋರಿಸಿದರಂತೆ. ಅಧಿಕಾರಿಗೆ ಸಿಟ್ಟು ಬಂತು. ಆಗಸ್ಟ್ 10ರಂದು ಲಾರೆನ್ಸರನ್ನು ಕೊಂದರು. ಕಬ್ಬಿಣದ ಜಾಲರಿ ಮೇಲೆ ಸುಟ್ಟರು ಅಂತ ಕತೆ ಇದೆ. ಅದಕ್ಕೇ ಅವರ ಚಿತ್ರದಲ್ಲಿ ಜಾಲರಿ ಇರುತ್ತದೆ.

ಕ್ರೈಸ್ತರು ಸಂತರ ಹಬ್ಬವನ್ನು ಹೆಚ್ಚಾಗಿ ಅವರು ತೀರಿಕೊಂಡ ದಿನವೇ ಮಾಡುತ್ತಾರೆ. ನಮ್ಮ ಕಲಬುರಗಿಯ ಬಂದೇ ನವಾಜರ ಉರುಸಿನ ಹಾಗೆ. ಲಾರೆನ್ಸರ ಹಬ್ಬ ಆಗಸ್ಟ್ 10. ಅತ್ತೂರಿನ ದೊಡ್ಡ ಜಾತ್ರೆ ಮಾತ್ರ ಜನವರಿಯಲ್ಲಿ. ಅದಕ್ಕೆ ಎಲ್ಲಾ ಧರ್ಮದವರೂ ಹೋಗುತ್ತಾರೆ.

ನಮ್ಮಪ್ಪ ಕಲ್ಲಿನ ಖಣಿಯೊಳಗ ಕಾಲು ಮುರಕೊಂಡು ಎರಡು ವರ್ಷದಿಂದ ಮನೆಯಲ್ಲೇ ಇದ್ದಾರೆ. ತಾವು ಮನೆಗೆ ಭಾರ ಅಂತ ತಿಳಕೊಂಡಾರ. ಇದನ್ನು ಬರೆದು ಮೊದಲು ಅವರಿಗೇ ಓದಿ ಹೇಳಿದೆನು. ಅಪ್ಪ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಅವರ ಹಬ್ಬ ಯಾವತ್ತು ಅಂತ ಇನ್ನೊಮ್ಮೆ ಕೇಳಿದರು.